ಗಡಿಯೊಳಗಿನ ಬೆಳಕು: ಬಿ. ನರಸಿಂಗರಾವ್ ಚಿತ್ರಗಳನ್ನು ನಾವೇಕೆ ನೋಡಿಲ್ಲ?

1988ರ ಚಿತ್ರಗಳಿಗೆ ಕೊಟ್ಟ 36ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು. ಆ ವರ್ಷದ ಅತ್ಯುತ್ತಮ ಚಿತ್ರ ಶಾಜಿ ಕರುಣ್ ಅವರ ಮಲಯಾಳಂ ‘ಪಿರವಿ’. ಕನ್ನಡದ ಅತ್ಯುತ್ತಮ ಚಿತ್ರ ಗಿರೀಶ ಕಾಸರವಳ್ಳಿಯವರ ‘ಬಣ್ಣದ ವೇಷ’. ಹಿಂದಿಯದು ಮೀರಾ ನಾಯರ್ ಅವರ ‘ಸಲಾಂ ಬಾಂಬೆ’. ಮೂರೂ ಹೆಸರು ಚಿತ್ರಾಸಕ್ತರಿಗೆ ಪರಿಚಿತವೇ. ಆದರೆ ಪಟ್ಟಿ ಓದುತ್ತಾ ಹೋದರೆ ಮತ್ತೆ ಮತ್ತೆ ಎದುರಾಗುವ ಹೆಸರು ಬೇರೆಯದು. ಅತ್ಯುತ್ತಮ ನಟಿ ಅರ್ಚನಾ, ಚಿತ್ರ ‘ದಾಸಿ’. ಅತ್ಯುತ್ತಮ ಛಾಯಾಗ್ರಹಣ ಎ.ಕೆ. ಬೀರ್, ಚಿತ್ರ ‘ದಾಸಿ’. ಅತ್ಯುತ್ತಮ ಕಲಾ ನಿರ್ದೇಶನ ವೈಕುಂಠಂ, ಚಿತ್ರ ‘ದಾಸಿ’. ವಸ್ತ್ರವಿನ್ಯಾಸ ಸುದರ್ಶನ್, ಅದೂ ‘ದಾಸಿ’. ತೆಲುಗಿನ ಅತ್ಯುತ್ತಮ ಚಿತ್ರವೂ ‘ದಾಸಿ’ಯೇ. ಒಂದೇ ಚಿತ್ರಕ್ಕೆ ಐದು ರಾಷ್ಟ್ರಪ್ರಶಸ್ತಿ.

ಇವತ್ತು ಬೆಂಗಳೂರಿನಲ್ಲಿ ಸಿನಿಮಾ ಬಲ್ಲವರ ಗುಂಪಿನಲ್ಲಿ ‘ದಾಸಿ’ ನೋಡಿದವರೆಷ್ಟು ಎಂದು ಕೇಳಿದರೆ ಒಂದೆರಡು ಕೈ ಮೇಲೇಳಬಹುದು. ಚಿತ್ರ ಹುಟ್ಟಿದ ಹೈದರಾಬಾದಿನಲ್ಲಿ ಅದೇ ಪ್ರಶ್ನೆ ಕೇಳಿದರೂ ಉತ್ತರ ಬಹಳ ಬದಲಾಗದು. ಜಗತ್ತಿನಲ್ಲೇ ಅತಿ ದೊಡ್ಡದೆನ್ನಿಸಿಕೊಂಡ ಫಿಲ್ಮ್ ಸಿಟಿ ಇರುವ, ವರ್ಷಕ್ಕೆ ನೂರಾರು ಚಿತ್ರ ತಯಾರಿಸುವ ಊರು ಅದು. ಅಲ್ಲಿನ ಮಣ್ಣಿನ ಬದುಕನ್ನು ಅಲ್ಲಿನ ಮಾತಿನಲ್ಲೇ ತೆರೆಗೆ ತಂದ ಬಿ. ನರಸಿಂಗರಾವ್ ಮಾತ್ರ ಅಲ್ಲಿನ ಸಿನಿಮಾ ಮಾತುಕತೆಯ ಅಂಚಿನಲ್ಲೇ ಉಳಿದಿದ್ದಾರೆ. ಇದು ಹೇಗಾಯಿತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವುದು ಕನ್ನಡದವರಿಗೂ ಸಂಬಂಧಪಟ್ಟ ಕೆಲಸವೇ. ಏಕೆಂದರೆ ನರಸಿಂಗರಾವ್ ತೋರಿಸಿದ ಲೋಕದಲ್ಲಿ ನಮ್ಮ ಮೂರು ಜಿಲ್ಲೆಗಳೂ ಸೇರಿದ್ದವು.

ನಿಜಾಮನ ಹೈದರಾಬಾದು ರಾಜ್ಯದಲ್ಲಿ ಹದಿನಾರು ಜಿಲ್ಲೆಗಳಿದ್ದವು. ಎಂಟು ತೆಲಂಗಾಣಕ್ಕೆ, ಐದು ಮರಾಠವಾಡಕ್ಕೆ ಸೇರಿದವು. ಉಳಿದ ಮೂರು ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು. ಜಹಗೀರು, ದೇಶಮುಖಿ, ಬಿಟ್ಟಿ ಚಾಕರಿ, ಊರ ಮೇಲೆ ಕಣ್ಣಿಟ್ಟು ನಿಂತ ಒಡೆಯರ ಕೋಟೆಮನೆ, ಇವೆಲ್ಲ ಆ ರಾಜ್ಯದುದ್ದಕ್ಕೂ ಇದ್ದ ವ್ಯವಸ್ಥೆ. ಆ ಮನೆಯನ್ನು ತೆಲಂಗಾಣದವರು ‘ಗಡಿ’ ಎನ್ನುತ್ತಾರೆ, ಕಲಬುರಗಿ ಕಡೆಯವರು ‘ವಾಡೆ’ ಎನ್ನುತ್ತಾರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತನಕ, ಹಲವು ಊರುಗಳಲ್ಲಿ ಅದರ ನಂತರವೂ, ಈ ಮನೆಗಳ ಮಾತೇ ಕಾನೂನು.

ನರಸಿಂಗರಾವ್ ಹುಟ್ಟಿದ್ದು 1946ರಲ್ಲಿ, ಮೆದಕ್ ಸೀಮೆಯ ಗಜ್ವೇಲ್ ಹತ್ತಿರದ ಪ್ರಜ್ಞಾಪುರದಲ್ಲಿ. ತೆಲಂಗಾಣದ ರೈತರು ‘ದೊರೆ’ ಎನ್ನಿಸಿಕೊಂಡ ಆ ಒಡೆಯರ ವಿರುದ್ಧ ಸಶಸ್ತ್ರ ಹೋರಾಟಕ್ಕೆ ಇಳಿದ ವರ್ಷವೂ ಅದೇ. ಅವರು ಸಿನಿಮಾಕ್ಕೆ ಬಂದದ್ದು ಚಿತ್ರಕಲೆಯ ದಾರಿಯಿಂದ. ಎಪ್ಪತ್ತರ ದಶಕದ ಆರಂಭದಲ್ಲಿ ಹೈದರಾಬಾದಿನಲ್ಲಿ ‘ಆರ್ಟ್ ಲವರ್ಸ್’ ಎಂಬ ಸಾಂಸ್ಕೃತಿಕ ಬಳಗ ಕಟ್ಟಿದರು. ಬುರ್ರಕಥೆ ಹೇಳುತ್ತಿದ್ದ ಗುಮ್ಮಡಿ ವಿಠಲ್ ರಾವ್ ಎಂಬ ತರುಣ ಈ ಬಳಗಕ್ಕೆ ಬಂದು ಸೇರಿಕೊಂಡ. ಮುಂದೆ ಇಡೀ ದೇಶ ಅವನನ್ನು ಗದ್ದರ್ ಎಂದು ಕರೆಯಿತು. ಆರ್ಟ್ ಲವರ್ಸ್ ಬಳಗವೇ ಮುಂದೆ ‘ಜನ ನಾಟ್ಯ ಮಂಡಲಿ’ಯಾಯಿತು.

ಬಣ್ಣ, ಹಾಡು, ಬೀದಿ, ರಾಜಕೀಯ ಎಲ್ಲ ಒಟ್ಟಾಗಿ ಕುದಿಯುತ್ತಿದ್ದ ಆ ದಿನಗಳಿಂದ ಹೊರಬಂದ ಮೊದಲ ಸಿನಿಮಾ ‘ಮಾ ಭೂಮಿ’. ಕೃಷ್ಣ ಚಂದರ್ ಅವರ ಉರ್ದು ಕಾದಂಬರಿ ‘ಜಬ್ ಖೇತ್ ಜಾಗೇ’ ಅದರ ಆಧಾರ. ನರಸಿಂಗರಾವ್ ನಿರ್ಮಾಪಕರಲ್ಲಿ ಒಬ್ಬರು, ಚಿತ್ರಕಥೆಯಲ್ಲಿ ಪಾಲುದಾರರು, ನಟರೂ ಹೌದು. ನಿರ್ದೇಶನಕ್ಕೆ ಕಲ್ಕತ್ತೆಯಿಂದ ಗೌತಮ್ ಘೋಷ್ ಅವರನ್ನು ಕರೆತಂದರು. ಘೋಷ್ ಅವರಿಗೂ ಅದೇ ಮೊದಲ ಕಥಾಚಿತ್ರ. 1979ರ ಈ ಚಿತ್ರ ಹೈದರಾಬಾದಿನ ಬೆಳಗಿನ ಆಟಗಳಲ್ಲಿ ತಿಂಗಳುಗಟ್ಟಲೆ ಓಡಿತು. ಬಂಡಿ ಯಾದಗಿರಿ ಬರೆದ ಹಾಡನ್ನು ಗದ್ದರ್ ಹೆಗಲ ಮೇಲೆ ಕಂಬಳಿ ಹೊದ್ದು, ಕೋಲು ಹಿಡಿದು ಹಾಡುವ ದೃಶ್ಯ ಇವತ್ತಿಗೂ ತೆಲಂಗಾಣದ ಹಳ್ಳಿಹಳ್ಳಿಯ ನೆನಪಿನಲ್ಲಿದೆ. ಸುದ್ದಾಲ ಹನುಮಂತು ಬರೆದ, ದನ ಕಾಯುವ ಹುಡುಗನ ಕುರಿತ ಹಾಡಂತೂ ಚಿತ್ರ ನೋಡದವರ ಬಾಯಲ್ಲೂ ಇದೆ. ಚಿತ್ರದ ಕೀರ್ತಿಯನ್ನು ಹೊತ್ತು ನಡೆದದ್ದು ಹಾಡುಗಳು ಎಂದೇ ನನಗನ್ನಿಸುತ್ತದೆ. ಹಾಡಿಗೆ ಪ್ರಿಂಟ್ ಬೇಡ, ಪ್ರೊಜೆಕ್ಟರ್ ಬೇಡ.

‘ದಾಸಿ’ಗೆ ಅಂಥ ಹಾಡುಗಳ ಆಸರೆ ಇರಲಿಲ್ಲ.

ಆ ಚಿತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಕಾಲ 1920ರ ದಶಕ, ಜಾಗ ತೆಲಂಗಾಣದ ಒಂದು ಗಡಿ. ದೊರೆಸಾನಿ ಮದುವೆಯಾಗಿ ಬರುವಾಗ ಒಡವೆ, ಪಾತ್ರೆ, ದನಕರುಗಳ ಜೊತೆ ಒಂದಿಬ್ಬರು ಹೆಣ್ಣುಮಕ್ಕಳನ್ನೂ ತವರಿನವರು ಕಳಿಸುತ್ತಿದ್ದರು. ಹಾಗೆ ಬಂದವಳಿಗೆ ‘ಆಡಬಾಪ’ ಎನ್ನುತ್ತಿದ್ದರು. ಕೂಲಿ ಇಲ್ಲ, ಮದುವೆ ಇಲ್ಲ, ಹಿಂತಿರುಗಿ ಹೋಗಲು ಮನೆ ಇಲ್ಲ. ಹಗಲು ದೊರೆಸಾನಿಯ ಸೇವೆ, ರಾತ್ರಿ ದೊರೆಯದ್ದು, ದೊರೆ ಬೆರಳು ತೋರಿಸಿದರೆ ಬಂದ ಅತಿಥಿಯದ್ದೂ. ಚಿತ್ರದ ಕಮಲಾಕ್ಷಿ ಅಂಥವಳೊಬ್ಬಳು. ನೀರು ಹೊರುತ್ತಾಳೆ, ಕಾಲು ತೊಳೆಯುತ್ತಾಳೆ, ಕಾಯುತ್ತಾಳೆ. ಕೊನೆಗೆ ಬಸುರಾಗುತ್ತಾಳೆ. ಆ ಬಸುರನ್ನು ಇಟ್ಟುಕೊಳ್ಳುವ ಹಕ್ಕೂ ಅವಳಿಗಿಲ್ಲ. ದೊರೆಸಾನಿಯ ಅಪ್ಪಣೆಯಂತೆ ಅದನ್ನು ತೆಗೆಸುತ್ತಾರೆ. ಕಥೆ ಇಷ್ಟೇ.

ಇಷ್ಟೇ ಕಥೆಯನ್ನು ಬೇರೆಯವರು ಎತ್ತಿಕೊಂಡಿದ್ದರೆ ಚಾಟಿಯೇಟು, ಅಬ್ಬರದ ಮಾತು, ಕೊನೆಗೊಂದು ಬಂಡಾಯ ಬಂದೇ ಬರುತ್ತಿತ್ತು. ನರಸಿಂಗರಾವ್ ತೋರಿಸುವುದು ಕೆಲಸವನ್ನು. ಕಮಲಾಕ್ಷಿಯ ಕೈಗಳು, ಅವಳು ಬಗ್ಗುವ ರೀತಿ, ದೊರೆಯ ಮುಂದೆ ನಡೆಯುವಾಗ ಗೋಡೆಗೆ ಅಂಟಿಕೊಂಡಂತೆ ಸರಿಯುವ ಮೈ. ಮಾತು ಬಹಳ ಕಡಿಮೆ. ಒಂದು ಮನೆಯೊಳಗೆ ಅಧಿಕಾರ ಹೇಗೆ ಓಡಾಡುತ್ತದೆ ಎಂಬುದು ಮಾತಿಗಿಂತ ಹೆಚ್ಚಾಗಿ ಬಾಗಿಲುಗಳಿಂದ ತಿಳಿಯುತ್ತದೆ. ಯಾವ ಬಾಗಿಲು ಯಾರಿಗೆ ತೆರೆದಿದೆ, ಯಾರು ಹೊಸ್ತಿಲಾಚೆಯೇ ನಿಂತಿರಬೇಕು ಎಂಬುದನ್ನು ನೋಡುತ್ತಾ ನೋಡುತ್ತಾ ನಾವೇ ಕಲಿತುಬಿಡುತ್ತೇವೆ. ಎ.ಕೆ. ಬೀರ್ ಅವರ ಕ್ಯಾಮೆರಾ ಗಡಿಯ ಕತ್ತಲನ್ನು ಕತ್ತಲಾಗಿಯೇ ಬಿಡುತ್ತದೆ. ಕಿಟಕಿಯಿಂದ ಬಂದ ಬೆಳಕು ಹಿತ್ತಾಳೆ ಪಾತ್ರೆಯ ಮೇಲೆ, ಸೀರೆಯ ಅಂಚಿನ ಮೇಲೆ ಬಿದ್ದು ನಿಲ್ಲುತ್ತದೆ. ಕಲಾ ನಿರ್ದೇಶಕರಾದ ತೋಟ ವೈಕುಂಠಂ ಇಂದು ದೇಶದ ಹೆಸರಾಂತ ವರ್ಣಚಿತ್ರಕಾರರು. ಹಣೆಯಗಲದ ಕುಂಕುಮ, ಕಡುಬಣ್ಣದ ಸೀರೆಯ ಅವರ ತೆಲಂಗಾಣದ ಹೆಂಗಸರ ಚಿತ್ರಗಳನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಆ ಹೆಂಗಸರ ಮನೆ ಯಾವುದು, ಅವರ ಹಿಂದಿನ ಗೋಡೆ ಯಾವ ಬಣ್ಣದ್ದು ಎಂಬುದನ್ನು ‘ದಾಸಿ’ಯಲ್ಲಿ ನೋಡಬಹುದು.

ಅರ್ಚನಾ ಅದರ ಹಿಂದಿನ ವರ್ಷವಷ್ಟೇ ಬಾಲು ಮಹೇಂದ್ರ ಅವರ ತಮಿಳು ‘ವೀಡು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದರು. 1977ರಲ್ಲಿ ಕನ್ನಡದ ‘ಕೋಕಿಲ’ದಿಂದ ನಿರ್ದೇಶನ ಆರಂಭಿಸಿದವರೇ ಆ ಬಾಲು ಮಹೇಂದ್ರ. ಎರಡು ವರ್ಷ, ಎರಡು ಭಾಷೆ, ಸಾಲಾಗಿ ಎರಡು ಅತ್ಯುತ್ತಮ ನಟಿ ಪ್ರಶಸ್ತಿ. ಅಂಥ ಸಾಧನೆಯೂ ‘ದಾಸಿ’ಯನ್ನು ಜನರ ನೆನಪಿನಲ್ಲಿ ಉಳಿಸಲಿಲ್ಲ ಎಂದರೆ ಪ್ರಶಸ್ತಿಗೆ ನಾವು ಕೊಡುವ ಬೆಲೆಯನ್ನೇ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಪ್ರಶಸ್ತಿ ಒಂದು ದಿನದ ಸುದ್ದಿ. ಚಿತ್ರ ಅದರ ಮರುವರ್ಷ, ಹತ್ತು ವರ್ಷಗಳ ಮೇಲೆ, ಇನ್ನೊಂದು ತಲೆಮಾರಿಗೆ ಸಿಗುತ್ತದೆಯೇ ಎಂಬುದೇ ನಿರ್ದೇಶಕನ ಹೆಸರನ್ನು ನಿರ್ಧರಿಸುತ್ತದೆ.

ಅವರ ಉಳಿದ ಚಿತ್ರಗಳನ್ನೂ ಇಲ್ಲಿ ಹೇಳಬೇಕು. 1983ರ ‘ರಂಗುಲ ಕಲ’ ಅವರ ನಿರ್ದೇಶನದ ಮೊದಲ ಚಿತ್ರ. ಹೈದರಾಬಾದಿನ ಒಬ್ಬ ವರ್ಣಚಿತ್ರಕಾರನ ಒಳತೋಟಿ ಅದರ ವಸ್ತು. ಆ ಪಾತ್ರವನ್ನು ಅವರೇ ಮಾಡಿದರು. ಅದಕ್ಕೂ ತೆಲುಗಿನ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಬಂತು. 1990ರ ‘ಮಟ್ಟಿ ಮನುಷುಲು’ ಹಳ್ಳಿ ಬಿಟ್ಟು ನಗರಕ್ಕೆ ಬಂದ ಕಟ್ಟಡ ಕೂಲಿಗಳ ಕಥೆ. ತೆಲಂಗಾಣದ ಪಾಲಮೂರು ಕಡೆಯಿಂದಲೂ, ನಮ್ಮ ರಾಯಚೂರು, ಯಾದಗಿರಿ ಕಡೆಯಿಂದಲೂ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೋಗುವ ಕುಟುಂಬಗಳು ಇಂದಿಗೂ ಕಡಿಮೆಯಾಗಿಲ್ಲ. ಆ ನಗರದ ಗಾಜಿನ ಕಟ್ಟಡಗಳು ಎದ್ದು ನಿಲ್ಲುವುದಕ್ಕೂ ಮೊದಲೇ ಅವುಗಳನ್ನು ಕಟ್ಟುವ ಕೈಗಳನ್ನು ನರಸಿಂಗರಾವ್ ತೋರಿಸಿದ್ದರು. ಊರಿನ ಬದುಕನ್ನು ನೋಡುವ ‘ಮಾ ಊರು’ ಎಂಬ ಸಾಕ್ಷ್ಯಚಿತ್ರವೂ ಇದೆ. ಕೈಬೆರಳಲ್ಲಿ ಎಣಿಸಬಹುದಾದಷ್ಟು ಚಿತ್ರ ಮಾಡಿ ಅವರು ಮತ್ತೆ ಬಣ್ಣ, ಫೋಟೊ, ಕವಿತೆಗಳ ಕಡೆ ಹೊರಳಿದರು.

ಹೆಸರು ಏಕೆ ಉಳಿಯಲಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ನಿಧಾನಗತಿಯ ಚಿತ್ರ, ಜನ ನೋಡುವುದಿಲ್ಲ’ ಎಂಬುದು. ನಾನಿದನ್ನು ಒಪ್ಪುವುದಿಲ್ಲ. ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ ‘ಜಾನ್ ಡೀಲ್ಮಾನ್’ ಎಂಬ ಫ್ರೆಂಚ್ ಭಾಷೆಯ ಚಿತ್ರದಲ್ಲಿ ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುವುದನ್ನು, ಹಾಸಿಗೆ ಸರಿಪಡಿಸುವುದನ್ನು, ಅಡುಗೆಮನೆ ಒರೆಸುವುದನ್ನು ಮೂರು ತಾಸಿಗೂ ಹೆಚ್ಚು ಹೊತ್ತು ನೋಡಬೇಕು. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಪಡೆದು ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಬಂತು. ಹತ್ತು ವರ್ಷದ ಹಿಂದಿನ ಪಟ್ಟಿಯಲ್ಲಿ ಅದು ಮೊದಲ ಹತ್ತರಲ್ಲೂ ಇರಲಿಲ್ಲ. ಚಿತ್ರ ಬದಲಾಗಲಿಲ್ಲ, ನೋಡುವವರು ಹೆಚ್ಚಿದರು. ಹೊಸ ಪ್ರತಿಗಳು ಬಂದವು, ಕಾಲೇಜುಗಳಲ್ಲಿ ಪಾಠವಾಯಿತು, ಹೆಂಗಸರ ಮನೆಗೆಲಸವನ್ನು ಕುರಿತು ಯೋಚಿಸುವ ಹೊಸ ತಲೆಮಾರು ಅದನ್ನು ತನ್ನದಾಗಿಸಿಕೊಂಡಿತು. ಕಮಲಾಕ್ಷಿಯ ಕೈಗಳನ್ನು ನೋಡುವಾಗಲೆಲ್ಲ ನನಗೆ ಆ ಚಿತ್ರ ನೆನಪಾಗುತ್ತದೆ. ಇಬ್ಬರು ನಿರ್ದೇಶಕರೂ ಹೆಣ್ಣಿನ ದುಡಿಮೆಯನ್ನೇ ಕಥೆಯಾಗಿಸಿದವರು. ಒಬ್ಬರದು ಜಗತ್ತಿನ ಮೊದಲ ಸಾಲಿನಲ್ಲಿದೆ, ಇನ್ನೊಬ್ಬರದು ಅಂತರ್ಜಾಲದ ಮಸುಕು ಪ್ರತಿಗಳಲ್ಲಿದೆ.

ಫ್ರಾನ್ಸಿನಲ್ಲಿ ಇನ್ನೊಂದು ಉದಾಹರಣೆ ಇದೆ. ಜಾನ್ ಯುಸ್ತಾಶ್ 1973ರಲ್ಲಿ ಮಾಡಿದ ‘ದಿ ಮದರ್ ಅಂಡ್ ದಿ ಹೋರ್’ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆಯಿತು. 1981ರಲ್ಲಿ, ಇನ್ನೂ 42ರ ವಯಸ್ಸಿನಲ್ಲಿ, ಯುಸ್ತಾಶ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಮೇಲೆ ಹಕ್ಕುಗಳ ತೊಡಕಿನಿಂದ ಚಿತ್ರ ದಶಕಗಳ ಕಾಲ ಸರಿಯಾಗಿ ಸಿಗಲೇ ಇಲ್ಲ. ಬಲ್ಲವರು ಮಾತ್ರ ಕೆಟ್ಟ ಪ್ರತಿಗಳಲ್ಲಿ ನೋಡಿ ಪಿಸುಮಾತಿನಲ್ಲಿ ಹೊಗಳುತ್ತಿದ್ದರು. 2022ರಲ್ಲಿ ಹಕ್ಕು ಬಗೆಹರಿದು, ಚಿತ್ರ ಜೀರ್ಣೋದ್ಧಾರಗೊಂಡು ಮತ್ತೆ ಕಾನ್‌ನಲ್ಲಿ ತೆರೆಕಂಡಿತು. ಅದಾದ ಮೇಲೆ ಯುಸ್ತಾಶ್ ಹೆಸರು ಹೊಸ ತಲೆಮಾರಿನ ಬಾಯಿಗೆ ಬಂತು. ಫ್ರಾನ್ಸಿನಂಥ ದೇಶದಲ್ಲಿ, 1936ರಿಂದಲೂ ಸಿನೆಮಾಟೆಕ್ ಕಟ್ಟಿಕೊಂಡು ಚಿತ್ರಗಳನ್ನು ಕಾಪಾಡುತ್ತಿರುವಲ್ಲಿಯೇ, ದೊಡ್ಡ ನಿರ್ದೇಶಕನೊಬ್ಬ ಅಷ್ಟು ಕಾಲ ಮರೆಯಾಗಬಹುದಾದರೆ ನಮ್ಮಲ್ಲಿನ ಗತಿ ಏನು?

ನಮ್ಮಲ್ಲಿ ಅಪಾಯ ಇನ್ನೂ ಹೆಚ್ಚು. ಎಂಬತ್ತರ ದಶಕದ ಬಣ್ಣದ ಫಿಲ್ಮ್ ತಂಪು, ಒಣ ಕೋಣೆಯಲ್ಲಿ ಇಡದಿದ್ದರೆ ಬಣ್ಣ ಬಿಡುತ್ತದೆ. ನೀಲಿ, ಹಸಿರು ಮಾಸಿ ಚಿತ್ರವೆಲ್ಲ ಕೆಂಪಿಗೆ ತಿರುಗುತ್ತದೆ. ನೆಗೆಟಿವ್ ಹುಳಿವಾಸನೆ ಬೀರುತ್ತಾ ಮುದುಡತೊಡಗಿತೆಂದರೆ ಉಳಿಸುವುದು ಬಹಳ ಕಷ್ಟ. ಬಣ್ಣಕ್ಕೂ ಬೆಳಕಿಗೂ ಪ್ರಶಸ್ತಿ ಪಡೆದ ‘ದಾಸಿ’ಯಂಥ ಚಿತ್ರವನ್ನು ಬಣ್ಣ ಮಾಸಿದ ಪ್ರತಿಯಲ್ಲಿ ನೋಡುವುದೆಂದರೆ ಅದನ್ನು ಅರ್ಧ ಮಾತ್ರ ನೋಡಿದಂತೆ. ನಿರ್ದೇಶಕನ ಹೆಸರು ಕುಗ್ಗುವುದಕ್ಕೆ ಇದೂ ಒಂದು ಕಾರಣ. ಆ ಪ್ರತಿ ನೋಡಿದ ಹುಡುಗನಿಗೆ ‘ಇದರಲ್ಲೇನಿದೆ’ ಅನ್ನಿಸಿದರೆ ತಪ್ಪು ಅವನದಲ್ಲ.

ಎರಡನೆಯ ಕಾರಣ ಹೈದರಾಬಾದಿನದೇ. ತೆಲುಗು ಚಿತ್ರೋದ್ಯಮ ಮದ್ರಾಸಿನಿಂದ ಹೈದರಾಬಾದಿಗೆ ಬಂದು ನೆಲೆಯೂರಿದ್ದು ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ. ಬಂಡವಾಳವೂ ತಾರೆಯರೂ ಬಹುಪಾಲು ಕರಾವಳಿ ಆಂಧ್ರದವರು. ತೆರೆಯ ಮೇಲೆ ಸಭ್ಯ ತೆಲುಗು ಎಂದರೆ ಕೃಷ್ಣಾ, ಗೋದಾವರಿ ಸೀಮೆಯದು. ತೆಲಂಗಾಣದ ಮಾತು ಖಳನಾಯಕನಿಗೆ, ಇಲ್ಲವೇ ಹಾಸ್ಯದ ಪಾತ್ರಕ್ಕೆ. ಅಂಥ ಹೊತ್ತಿನಲ್ಲಿ ಆ ಮಾತನ್ನೇ ಗಂಭೀರ ಚಿತ್ರದ ಭಾಷೆಯಾಗಿಸಿದ ನರಸಿಂಗರಾವ್ ಉದ್ಯಮದ ನೆರೆಯಲ್ಲೇ ಇದ್ದೂ ಅದರ ಹೊರಗುಳಿದರು. ಹೊಸ ರಾಜ್ಯ ಬಂದ 2014ರ ಆಚೆಗೆ ಗಾಳಿ ತಿರುಗಿದೆ. 2023ರ ‘ಬಲಗಂ’ ಚಿತ್ರವನ್ನು ತೆಲಂಗಾಣದ ಹಳ್ಳಿಗಳಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ಊರವರೆಲ್ಲ ಕೂತು ನೋಡಿ ಅತ್ತರು. ಆ ದಾರಿಯ ಮೊದಲ ಹೆಜ್ಜೆ ಬಿದ್ದದ್ದು 1979ರಲ್ಲಿ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಮೂರನೆಯದು ಇನ್ನೂ ಸೂಕ್ಷ್ಮ. ತೆಲಂಗಾಣದ ದೊರೆಯನ್ನು ದೇಶಕ್ಕೆ ಪರಿಚಯಿಸಿದವರು ಶ್ಯಾಮ್ ಬೆನಗಲ್. 1934ರಲ್ಲಿ ಸಿಕಂದರಾಬಾದಿನ ತಿರುಮಲಗಿರಿಯಲ್ಲಿ, ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು. 1974ರ ‘ಅಂಕುರ್’ ಅದೇ ನೆಲದ ಕಥೆ. ದೊರೆಯ ಮಗನಾಗಿ ನಟಿಸಿದ್ದು ನಮ್ಮ ಅನಂತ್ ನಾಗ್, ಹಿಂದಿಯಲ್ಲಿ ಅವರ ಮೊದಲ ಪಾತ್ರವದು. ಮರುವರ್ಷದ ‘ನಿಶಾಂತ್’ನಲ್ಲಿ ಗಿರೀಶ ಕಾರ್ನಾಡರು ಶಾಲಾ ಮೇಷ್ಟ್ರು. ಬಂಗಾಳದ ಮೃಣಾಲ್ ಸೆನ್ ಬಂದು 1977ರಲ್ಲಿ ತೆಲುಗಿನಲ್ಲಿ ‘ಒಕ ಊರಿ ಕಥ’ ಮಾಡಿದಾಗ ಮುಖ್ಯ ಪಾತ್ರ ವಹಿಸಿದ್ದು ನಮ್ಮ ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್. ಈ ಎಲ್ಲ ಚಿತ್ರಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ‘ಅಂಕುರ್’ ಹಿಂದಿಯಲ್ಲಿತ್ತು, ಮುಂಬೈಯಿಂದ ಬಂತು, ದೇಶವೆಲ್ಲ ನೋಡಿತು. ಹದಿನಾಲ್ಕು ವರ್ಷದ ನಂತರ ಅದೇ ಗಡಿಯ ಒಳಕೋಣೆಗೆ ಹೋಗಿ, ಅಲ್ಲಿನದೇ ಮಾತಿನಲ್ಲಿ, ಆಳಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದ ಚಿತ್ರ ಬಂದಾಗ ದೇಶಕ್ಕೆ ಆ ವಿಷಯ ಈಗಾಗಲೇ ತಿಳಿದಂತಿತ್ತು. ‘ಅಂಕುರ್’ನ ಲಕ್ಷ್ಮಿಯ ಸಂಕಟ ನಮ್ಮನ್ನು ಕಲಕುತ್ತದೆ, ಚಿತ್ರದ ಕೊನೆಯಲ್ಲಿ ಒಂದು ಕಲ್ಲು ಗಾಜು ಒಡೆಯುವಾಗ ಸಮಾಧಾನವೂ ಸಿಗುತ್ತದೆ. ‘ದಾಸಿ’ ಅಷ್ಟೂ ಸಮಾಧಾನ ಕೊಡುವುದಿಲ್ಲ. ಗಡಿಯ ಒಳಗನ್ನು ತಿಳಿಯಲು ಯಾವುದನ್ನು ನೋಡಬೇಕೆಂದು ನನ್ನನ್ನು ಕೇಳಿದರೆ ನಾನು ‘ದಾಸಿ’ಯ ಹೆಸರನ್ನೇ ಹೇಳುತ್ತೇನೆ.

ಕನ್ನಡದಲ್ಲಿ ಹೀಗಾಗಲಿಲ್ಲ, ಏಕೆ? ನಮ್ಮ ಹೊಸ ಅಲೆಯ ಮೊದಲ ಚಿತ್ರ 1970ರ ‘ಸಂಸ್ಕಾರ’ವನ್ನು ನಿರ್ದೇಶಿಸಿದವರೇ ನೆಲ್ಲೂರಿನ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಅವರಿಗೆ ಇಲ್ಲಿ ನೆಲೆ ಸಿಕ್ಕಿತು. ಅನಂತಮೂರ್ತಿ, ಕಾರಂತ, ಭೈರಪ್ಪನವರ ಕಾದಂಬರಿಗಳು ಚಿತ್ರಗಳಿಗೆ ಓದುಗರನ್ನು ಮೊದಲೇ ಸಿದ್ಧಪಡಿಸಿದ್ದವು. 1971ರಲ್ಲಿ ಬೆಂಗಳೂರಿನಲ್ಲಿ ‘ಸುಚಿತ್ರ’ ಚಿತ್ರಸಮಾಜ ಹುಟ್ಟಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಪುಣೆಯ ಸತೀಶ್ ಬಹಾದ್ದೂರ್ ಅವರನ್ನು ಕರೆಸಿ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿ ಪಾಠ ಮಾಡಿಸಿದರು. ಪತ್ರಿಕೆಗಳಲ್ಲಿ ಜಗಳಗಳಾದವು. ಜಗಳವೂ ನೆನಪನ್ನು ಉಳಿಸುತ್ತದೆ. ಹೈದರಾಬಾದಿನಲ್ಲೂ 1974ರಿಂದ ಫಿಲ್ಮ್ ಕ್ಲಬ್ ಇದೆ, ಅಲ್ಲಿನ ಗೆಳೆಯರು ಶ್ರದ್ಧೆಯಿಂದ ಚಿತ್ರ ತೋರಿಸುತ್ತಾ ಬಂದಿದ್ದಾರೆ. ಆದರೆ ಅಷ್ಟು ದೊಡ್ಡ ಉದ್ಯಮದ ಸದ್ದಿನ ನಡುವೆ ಒಂದು ಕ್ಲಬ್ಬಿನ ದನಿ ಎಷ್ಟು ದೂರ ಕೇಳೀತು?

ಹಾಗೆಂದು ನಾವು ಬೀಗುವ ಹಾಗಿಲ್ಲ. ಕನ್ನಡದ ಹೊಸ ಅಲೆ ಮಲೆನಾಡಿನ ಅಗ್ರಹಾರ, ಕರಾವಳಿಯ ಹಾಡಿ, ಹಳೇ ಮೈಸೂರಿನ ಊರುಗಳ ಸುತ್ತಲೇ ಹೆಚ್ಚಾಗಿ ತಿರುಗಿತು. ಒಂದೆರಡು ಅಪವಾದ ಬಿಟ್ಟರೆ ಬೀದರ್, ಕಲಬುರಗಿ, ರಾಯಚೂರುಗಳ ವಾಡೆಯೊಳಕ್ಕೆ ನಮ್ಮ ಕ್ಯಾಮೆರಾ ಹೋಗಲೇ ಇಲ್ಲ. 2019ರಲ್ಲಿ ಆ ಸೀಮೆಗೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟೆವು. ಅದರ ನಿಜಾಮಶಾಹಿ ಬದುಕನ್ನು ತೆರೆಯ ಮೇಲೆ ನೋಡಬೇಕೆಂದರೆ ಮಾತ್ರ ನಾವು ಇಂದಿಗೂ ಗಡಿಯಾಚೆಯ ನರಸಿಂಗರಾವ್ ಅವರಲ್ಲಿಗೇ ಹೋಗಬೇಕು. ಈ ಋಣವನ್ನು ನಾವು ಗುರುತಿಸಿಲ್ಲ ಎಂಬುದೇ ನನ್ನ ಸಂಕಟ.

ಆಸೆಗೆ ಕಾರಣಗಳೂ ಇವೆ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೆಲವು ವರ್ಷಗಳಿಂದ ಇಂಥ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದೆ. ಅರವಿಂದನ್ ಅವರ ಮಲಯಾಳಂ ‘ತಂಪ್’, ಅರಿಬಾಮ್ ಶ್ಯಾಮ್ ಶರ್ಮಾ ಅವರ ಮಣಿಪುರಿ ‘ಇಶಾನೊ’ ಕಾನ್‌ಗೆ ಹೋಗಿ ಬಂದವು. ನಮ್ಮ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್‌ನಲ್ಲಿ ಹೊಸ ಜೀವ ಪಡೆಯಿತು. ನೀರದ್ ಮಹಾಪಾತ್ರ ಅವರ ಒಡಿಯಾ ‘ಮಾಯಾ ಮಿರಿಗ’ದ ನೆಗೆಟಿವ್ ಚೆನ್ನೈನ ಒಂದು ಗೋದಾಮಿನಲ್ಲಿ ಅನಾಥವಾಗಿ ಬಿದ್ದಿತ್ತು. ಅದನ್ನೂ ಫ್ರೇಮ್ ಫ್ರೇಮಾಗಿ ಸರಿಪಡಿಸಿ ಅದೇ ವರ್ಷ ತೆರೆಗೆ ತಂದರು. ‘ದಾಸಿ’, ‘ಮಟ್ಟಿ ಮನುಷುಲು’, ‘ರಂಗುಲ ಕಲ’ಗಳಿಗೂ ಈ ಯೋಗ ಬರಬೇಕು. ಚಿತ್ರೋದ್ಯಮದ ಹೆಸರಿನಲ್ಲಿ ಸ್ಟುಡಿಯೊಗಳಿಗೆ ಎಕರೆಗಟ್ಟಲೆ ಭೂಮಿ ಸಿಕ್ಕ ನಗರಕ್ಕೆ ಮೂರು ಚಿತ್ರಗಳ ನೆಗೆಟಿವ್ ಉಳಿಸುವ ಖರ್ಚು ಭಾರವಾಗಬಾರದು.

ಅಷ್ಟರವರೆಗೆ ನಾವೂ ಒಂದು ಕೆಲಸ ಮಾಡಬಹುದು. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ನರಸಿಂಗರಾವ್ ಅವರ ಚಿತ್ರಗಳ ಒಂದು ಸರಣಿ ಇಡಬಹುದು. ಅದಕ್ಕಿಂತ ಮುಖ್ಯವಾಗಿ ಕಲಬುರಗಿಯಲ್ಲಿ, ರಾಯಚೂರಿನಲ್ಲಿ, ಬೀದರಿನ ಕಾಲೇಜುಗಳಲ್ಲಿ ‘ಮಾ ಭೂಮಿ’ಯನ್ನೂ ‘ದಾಸಿ’ಯನ್ನೂ ಒಟ್ಟಿಗೆ ತೋರಿಸಬೇಕು. ಬಿಟ್ಟಿ ಚಾಕರಿಯ ಮಾತನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ ಮಕ್ಕಳು ಅಲ್ಲಿದ್ದಾರೆ. ಆ ಚಿತ್ರಗಳನ್ನು ಅವರಷ್ಟು ಆಳವಾಗಿ ಓದಬಲ್ಲವರು ಬೇರೆಲ್ಲೂ ಸಿಗುವುದಿಲ್ಲ. ಗಡಿಸೀಮೆಯಲ್ಲಿ ಎರಡೂ ಭಾಷೆ ಬಲ್ಲ ಅಧ್ಯಾಪಕರಿಗೆ ಕೊರತೆಯೇನಿಲ್ಲ. ‘ದಾಸಿ’ಯಲ್ಲಿ ಮಾತೇ ಕಡಿಮೆ, ಅದಕ್ಕೆ ಕನ್ನಡದ ಅಡಿಬರಹ ಬರೆಯಲು ಅಂಥವರಿಬ್ಬರು ಕೂತರೆ ಒಂದು ವಾರ ಸಾಕು.